ಗುಳ್ಳೆ ಈಗ ಎದ್ರೆ ಸೋಂಕು ಈಗ್ಲೇ ಬಂತು ಅಂತಲ್ಲ

ಮಾನ್ಯ ಸಂಪಾದಕರೆ, ನಮಸ್ಕಾರ.

ಪ್ರತಿ ಬೇಸಿಗೆ ಮಂಗನ ಕಾಯಿಲೆ ಬಗ್ಗೆ ಬರೀತೀರಿ, ಬರೀಲೇಬೇಕು, ಆದ್ರೆ ಜನನಾಂಗದ ಹರ್ಪಿಸ್ (ಲೈಂಗಿಕ ಸಂಪರ್ಕದಿಂದ ಹರಡಿ ಗುಳ್ಳೆ ಎಬ್ಸೋ ವೈರಸ್ ಕಾಯಿಲೆ) ಬಗ್ಗೆ ನಿಮ್ಮ ಪೇಪರಲ್ಲಿ ಒಂದು ಸಾಲೂ ನೋಡಿದ ನೆನಪಿಲ್ಲ ನಂಗೆ. ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ನಡೆಸ್ತೀನಿ. ಅಂಗಡೀಲಿ ಬೇರೆಯವ್ರು ಇದ್ರೆ ಸುಮ್ನೆ ಜ್ವರದ ಮಾತ್ರೆ ತಗೊಂಡು ಪಕ್ಕಕ್ಕೆ ನಿಂತಿರ್ತಾರೆ, ಎಲ್ಲರೂ ಹೋದ್ಮೇಲೆ "ಅಣ್ಣ, ಕೆಳಗಡೆ ಗುಳ್ಳೆ ಎದ್ದಿದೆ, ಉಚ್ಚೆ ಹೊಯ್ಯಕ್ಕೂ ಆಗ್ತಿಲ್ಲ, ಒಂದು ಟ್ಯೂಬ್ ಕೊಡಿ" ಅಂತಾರೆ. ಅಷ್ಟೊತ್ತಿಗೆ ಯಾರೋ ಕೊಟ್ಟ ಸ್ಟಿರಾಯ್ಡ್ ಬೆರೆಸಿದ ತುರಿಕೆ ಕ್ರೀಮ್ ಹಚ್ಚಿ ಇನ್ನೂ ಜಾಸ್ತಿ ಮಾಡ್ಕೊಂಡಿರ್ತಾರೆ, ಇಲ್ಲಾ ಸರ್ಪಸುತ್ತು ಅಂದ್ಕೊಂಡು ನಾಟಿ ಔಷಧಿ ಹಚ್ಚಿರ್ತಾರೆ. ಸರ್ಪಸುತ್ತಿನ ವೈರಸ್ಸೇ ಬೇರೆ.

ನಂಗೆ ಹೊಟ್ಟೆ ಉರಿಯೋದು ಮನೇಲಿ ಆಗೋ ಜಗಳ ನೋಡಿ. ಗುಳ್ಳೆ ಕಂಡ ದಿನವೇ ಎಲ್ಲಿಂದ ತಂದೆ ಅಂತ ಶುರುವಾಗುತ್ತೆ, ಹೆಚ್ಚಿನ ಸಲ ಹೆಂಡ್ತಿ ಮೇಲೇ ಬರುತ್ತೆ, ತವರಿಗೆ ಕಳ್ಸೋವರೆಗೂ ಹೋಗುತ್ತೆ. ಆದ್ರೆ ಈ ವೈರಸ್ ಒಂದ್ಸಲ ಮೈಗೆ ಸೇರಿದ್ರೆ ಬೆನ್ನುಹುರಿ ಬುಡದ ಹತ್ರ ನರದ ಗಂಟಲ್ಲಿ ಕೂತ್ಬಿಡುತ್ತೆ, ವರ್ಷಗಟ್ಲೆ ಸುಮ್ನಿದ್ದು ಆಮೇಲೆ ಯಾವಾಗ್ಲೋ ಏಳಬಹುದು, ಸೋಂಕಿರೋ ಹೆಚ್ಚಿನ ಜನಕ್ಕೆ ಇದೆ ಅಂತಾನೇ ಗೊತ್ತಿರಲ್ಲ. ತುಟಿ ಮೇಲೆ ಗುಳ್ಳೆ ಎಬ್ಸೋ ಟೈಪ್ 1 ಕೂಡ ಬಾಯಿಂದ ಕೆಳಗೆ ದಾಟಬಹುದು. ರಕ್ತ ಪರೀಕ್ಷೇಲೂ ಯಾರಿಂದ, ಯಾವಾಗ ಬಂತು ಅಂತ ಗೊತ್ತಾಗಲ್ಲ. ಪ್ರಪಂಚದಲ್ಲಿ 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನಕ್ಕೆ ಟೈಪ್ 2, ಅಂದ್ರೆ ಹೆಚ್ಚಾಗಿ ಕೆಳಗಡೆ ಗುಳ್ಳೆ ಎಬ್ಸೋ ಹರ್ಪಿಸ್, ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತೆ, ಅಷ್ಟೂ ಜನ ದಾರಿ ತಪ್ಪಿದೋರಾ?

ಮೊದಲನೇ ಸಲ ಜೋರಾಗಿರುತ್ತೆ, ಜ್ವರ, ತೊಡೆಸಂದಲ್ಲಿ ಗಂಟು, ಔಷಧಿ ಇಲ್ದಿದ್ರೆ ಎರಡರಿಂದ ನಾಲ್ಕು ವಾರ ಕಾಡುತ್ತೆ. ಮೊದಲ ಮೂರು ದಿನದೊಳಗೆ ಡಾಕ್ಟರ್ ಚೀಟಿ ತಂದು ಅಸೈಕ್ಲೋವಿರ್ ಮಾತ್ರೆ ಶುರು ಮಾಡಿದ್ರೆ ಬೇಗ ಒಣಗುತ್ತೆ. ಮತ್ತೆ ಬಂದ್ರೂ ಚಿಕ್ಕದಾಗಿರುತ್ತೆ, ವರ್ಷ ಹೋದಂಗೆ ಕಮ್ಮಿ ಆಗುತ್ತೆ, ಜುಮುಜುಮು ಅನ್ನೋ ಹೊತ್ತಿಗೇ ಮಾತ್ರೆ ತಗೋಬೇಕು. ಪದೇ ಪದೇ ಬರೋರಿಗೆ ದಿನಾ ತಗೊಳ್ಳೋ ಮಾತ್ರೆನೂ ಇದೆ, ಅದ್ರಿಂದ ಸಂಗಾತಿಗೆ ಹರಡೋದೂ ಕಮ್ಮಿ ಆಗುತ್ತೆ. ಗುಳ್ಳೆ ಇರೋವಾಗ ಸೇರ್ಬಾರ್ದು, ಉಳಿದಾಗ ಕಾಂಡೋಮ್ ಬಳಸ್ಬೇಕು, ಅದೂ ಪೂರ್ತಿ ತಡೆಯಲ್ಲ, ಮುಚ್ಚದೇ ಇರೋ ಚರ್ಮದಿಂದಲೂ ಹರಡುತ್ತೆ. ಬಸುರಿ ಹೆಂಗಸ್ರು ಮಾತ್ರ ಡಾಕ್ಟರ್ ಹತ್ರ ಮುಚ್ಚಿಡಲೇಬಾರ್ದು, ಕೊನೇ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗುಲಿದ್ರೆ ಮಗುವಿಗೆ ಅಪಾಯ, ಹೆರಿಗೆ ನೋವು ಬಂದಾಗ ಹುಣ್ಣಿದ್ರೆ ಸಿಸೇರಿಯನ್ ಮಾಡ್ತಾರೆ.

ಲೈಂಗಿಕ ರೋಗಗಳಿಗೆ ಅಂತ ಇರೋ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹರ್ಪಿಸ್‌ಗೆ ಅಂತಾನೇ ಕೆಂಪು ಬಣ್ಣದ ಮಾತ್ರೆ ಕಿಟ್ ಇರುತ್ತೆ, ಮಾತ್ರೆಗೆ ದುಡ್ಡಿಲ್ಲ, ಎಚ್‌ಐವಿ, ಸಿಫಿಲಿಸ್ ಟೆಸ್ಟೂ ಮಾಡ್ತಾರೆ. ಇದು ಎಷ್ಟು ಜನಕ್ಕೆ ಗೊತ್ತು?

ಅದ್ಕೇ ಎರಡು ವಿನಂತಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮದ ಡಾಕ್ಟರ್ ಒಬ್ರ ಹತ್ರ ಆರೋಗ್ಯ ಪುಟಕ್ಕೆ ಇದನ್ನ ಬಿಚ್ಚಿ ಬರೆಸಿ. ಹಾಗೇ, ಲಾಡ್ಜಲ್ಲಿ ರೂಮ್ ಮಾಡಿ "ಗುಪ್ತರೋಗ ಗ್ಯಾರಂಟಿ ವಾಸಿ" ಅನ್ನೋರ ಜಾಹೀರಾತು ಪೇಪರಲ್ಲಿ ಹಾಕ್ಬೇಡಿ. ಹರ್ಪಿಸ್ ವೈರಸ್ಸನ್ನ ಮೈಯಿಂದ ಪೂರ್ತಿ ತೆಗೆಯೋ ಔಷಧಿ ಇನ್ನೂ ಬಂದಿಲ್ಲ, ಬಡವ್ರ ದುಡ್ಡು ಅಲ್ಲಿ ಹೋಗ್ತಿದೆ.

ಇಂತಿ,
ಮೆಡಿಕಲ್ ಶಾಪ್ ನಡೆಸುವ ಓದುಗ, ತೀರ್ಥಹಳ್ಳಿ ತಾಲೂಕು