ಲೋಟದ ತಳದ ಸಕ್ಕರೆ, ಬಾಟ್ಲಿ ತಳದ ಸಕ್ಕರೆ

ಪುಟ್ಟಾ,

ನಿನ್ನ ವಾಯ್ಸ್ ಮೆಸೇಜು ಎರಡು ಸಲ ಕೇಳ್ದೆ, ಮಧ್ಯದಲ್ಲಿ ಮಿಕ್ಸಿ ಗಲಾಟೆ ಬೇರೆ. ಹೋಂಸ್ಟೇಗೆ ಬಂದವ್ರು ಪ್ಯಾಶನ್ ಫ್ರೂಟ್ ಶರಬತ್ತು ಕುಡಿದು ಕೊನೇ ಗುಟುಕಲ್ಲಿ ಬರೀ ಸಕ್ಕರೆ ಅಂದ್ರು, ಶುಂಠಿ ಸಿರಪ್ ಬಾಟ್ಲಿಗಳ ತಳದಲ್ಲೂ ಸಕ್ಕರೆ ಕೂತಿದೆ, ಅದಕ್ಕೆ ಸಕ್ಕರೇನೇ ಡೂಪ್ಲಿಕೇಟು ಅಂಗಡಿ ಬದಲಾಯಿಸ್ತೀನಿ ಅಂದ್ಯಲ್ಲ, ಸ್ವಲ್ಪ ತಡ್ಕೋ ಮಾರಾಯ. ಅಂಗಡಿಯವನ ತಪ್ಪೇನೂ ಇಲ್ಲ. ಆ ಎರಡೂ ಒಂದೇ ಕಾಯಿಲೆ ಅಂದ್ಕೊಂಡಿದ್ದೀಯ, ಅಲ್ಲೇ ನೀನು ಎಡವಿದ್ದು.

ಮೊದಲು ಲೋಟದ್ದು. ಫ್ರಿಜ್ಜಿನ ತಣ್ಣೀರಿಗೆ ಸಕ್ಕರೆ ಹಿಡಿಯೋ ಶಕ್ತಿ ಇಲ್ಲ ಅಂದ್ಕೋಬೇಡ. 200 ಮಿಲಿ ಲೋಟದ ತಣ್ಣೀರೇ 350 ಗ್ರಾಂ ಮೇಲೆ ಸಕ್ಕರೆ ನುಂಗುತ್ತೆ, ನೀನು ಹಾಕೋದು ಎರಡು ಚಮಚ, ಅದ್ಯಾವ ಲೆಕ್ಕ? ಜಾಗ ಬೇಕಾದಷ್ಟಿದೆ, ಕೆಲಸ ನಿಧಾನ ಅಷ್ಟೆ. ಒಂದು ಕಲ್ಲುಸಕ್ಕರೆ ತುಂಡನ್ನ ದಾರಕ್ಕೆ ಕಟ್ಟಿ ನೀರಲ್ಲಿ ಇಳಿಬಿಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡು, ತುಂಡಿನಿಂದ ಸಣ್ಣ ಸಣ್ಣ ಎಳೆ ಅಲುಗಾಡ್ತಾ ಕೆಳಗಿಳಿಯೋದು ಕಾಣತ್ತೆ. ಅದು ಪಾಕ, ಬರೀ ನೀರಿಗಿಂತ ಭಾರ, ಅದಕ್ಕೇ ತಳಕ್ಕೆ ಹೋಗಿ ಹಾಸ್ಕೊಂಡು ಕೂರತ್ತೆ, ಸಕ್ಕರೆ ಅದರೊಳಗೇ ಮುಚ್ಚಿಹೋಗಿರತ್ತೆ, ಹೊಸ ನೀರು ಮುಟ್ಟೋದೇ ಇಲ್ಲ. ಕಲಕಿದ್ರೆ ಆ ಪದರ ಚೆದುರತ್ತೆ. ಬಿಸಿ ನೀರಲ್ಲಾದ್ರೆ ನೀರಿನ ಕಣಗಳೇ ಜೋರಾಗಿ ಓಡಾಡ್ತಾ ಸಕ್ಕರೆನ ಕಿತ್ತು ಕಿತ್ತು ಒಯ್ಯುತ್ವೆ, ಪಾಕವೂ ತೆಳ್ಳಗಿರತ್ತೆ. ನಮ್ಮನೇಲಿ ಬೆಲ್ಲದ ಕಾಫಿಗೆ ಬೆಲ್ಲ ಹಾಕಿ ನೀರು ಕುದಿಸಿ ಆಮೇಲೆ ಪುಡಿ ಹಾಕೋದು ನೋಡಿಲ್ವಾ, ಯಾರೂ ಲೋಟದೊಳಗೆ ಬೆಲ್ಲ ಹಾಕಿ ತಿರುಗಿಸ್ತಾ ಕೂರಲ್ಲ.

ಹಾಗಾಗಿ ಶರಬತ್ತಿಗೆ ಪಾಕ ಮೊದಲೇ ಮಾಡಿ ಆರಿಸಿ ಇಟ್ಕೋ, ಹಣ್ಣಿನ ರಸ ಮಾತ್ರ ಕುದಿಸ್ಬೇಡ, ಘಮ ಪೂರ್ತಿ ಹಾರಿಹೋಗತ್ತೆ. ಲೋಟದ್ದು ಇಷ್ಟೇ.

ಈಗ ಬಾಟ್ಲಿ. ಇದು ನನಗೂ ಆಗಿದ್ದು, ನಿನ್ನ ದೊಡ್ಡಪ್ಪ ಇವತ್ತಿಗೂ ಆಡ್ಕೊಂಡು ನಗ್ತಾರೆ. ಒಂದ್ಸಲ ಶುಂಠಿ ಕಷಾಯ 2 ಲೀಟರಿಗೆ 5 ಕೆಜಿ ಸಕ್ಕರೆ ಸುರಿದೆ. ಕುದೀತಾ ಇತ್ತು, ಹಾಕಿದಷ್ಟೂ ಮಾಯ, ಗಾಜಿನ ಹಾಗೆ ತಿಳಿ ಪಾಕ. ದಪ್ಪ ಆಗ್ಲಿ ಅಂತ ಇನ್ನೂ ಸ್ವಲ್ಪ ಕಾಯಿಸ್ದೆ, ಇದ್ದ ನೀರೂ ಆವಿಯಾಯ್ತು, ನನ್ನ ಬುದ್ಧಿಗಿಷ್ಟು. ನವೆಂಬರಲ್ಲಿ ತುಂಬಿಸಿ ಅಂಗಡಿಗೆ ಕೊಟ್ಟೆ, ಚೆನ್ನಾಗೇ ಇತ್ತು, ಡಿಸೆಂಬರ್ ಚಳಿ ಹಿಡೀತು ನೋಡು, ಡಜನ್ ಬಾಟ್ಲಿ ವಾಪಸ್ ಬಂತು. ತಳದಲ್ಲಿ ಕಲ್ಲುಸಕ್ಕರೆ ತರ ಚೌಕ ಚೌಕ ಹರಳು, ಚಮಚದಲ್ಲಿ ಕುಟ್ಟಿದ್ರೂ ಬಿಡಲ್ಲ.

ಲೆಕ್ಕ ಆಮೇಲೆ ತಿಳೀತು. 1 ಲೀಟರ್ ನೀರು 20 ಡಿಗ್ರಿಲಿ ಸುಮಾರು 2 ಕೆಜಿ ಸಕ್ಕರೆ ಹಿಡಿಯುತ್ತೆ, 50 ಡಿಗ್ರಿಲಿ 2.6 ಕೆಜಿ, 100 ಡಿಗ್ರಿಗೆ ಹೋದ್ರೆ 4.8 ಕೆಜಿಗೂ ಮೇಲೆ. ಅಂದ್ರೆ ಒಲೆ ಮೇಲೆ ನನ್ನ 5 ಕೆಜಿ ಏನೂ ಅಲ್ಲ, ಆದ್ರೆ ತಣಿದ ಮೇಲೆ 2 ಲೀಟರಿಗೆ 4 ಕೆಜಿ ಅಷ್ಟೇ ಸೈ, ಮಿಕ್ಕಿದ ಒಂದು ಕೆಜಿ ಎಲ್ಲಿಗೆ ಹೋಗ್ಬೇಕು? ಕೆಲವು ವಾರ ಸುಮ್ನಿರತ್ತೆ, ಬಾಟ್ಲಿ ಕುತ್ತಿಗೆಲಿ ಒಂದೇ ಒಂದು ಕಾಳು ಸಕ್ಕರೆ ಅಂಟಿದ್ರೆ ಸಾಕು, ಅದನ್ನೇ ಹಿಡ್ಕೊಂಡು ಹರಳು ಬೆಳೆಯೋಕೆ ಶುರು. ಇದಕ್ಕೆ ಎಷ್ಟು ಕಲಕಿದ್ರೂ ಪ್ರಯೋಜನ ಇಲ್ಲ. ಕಲಕೋದು ಬೇಗ ಕರಗಿಸತ್ತೆ, ಜಾಸ್ತಿ ಕರಗಿಸಲ್ಲ. (ಎಲ್ಲಾದಕ್ಕೂ ಬಿಸಿ ಹೀಗೇ ಅಂದ್ಕೋಬೇಡ, ಉಪ್ಪು 100 ಮಿಲಿ ತಣ್ಣೀರಲ್ಲಿ 36 ಗ್ರಾಂ, ಕುದಿಯೋ ನೀರಲ್ಲೂ 39 ಅಷ್ಟೆ.)

ಮಡಿಕೇರಿ ಎತ್ತರದಲ್ಲಿರೋದ್ರಿಂದ ನೀರು ಸರಿಯಾಗಿ ಕಾಯಲ್ವೇನೋ ಅಂತ ನೀನು ಕೇಳಿದ್ದೆ. 1,150 ಮೀಟರ್ ಎತ್ತರಕ್ಕೆ ನೀರು 96 ಡಿಗ್ರಿಗೇ ಕುದಿಯುತ್ತೆ, ನಿಜ, ಆದ್ರೆ ನಿನ್ನ ಪಾಕಕ್ಕೆ ಅದು ಧಾರಾಳ ಸಾಕು. ನಿನ್ನ ತಂಟೆ ಇರೋದು ಚಳಿ ಕಡೆ.

1 ಲೀಟರಿಗೆ 1.5 ಕೆಜಿ ಹಾಕು, ತಕ್ಕಡೀಲಿ ತೂಗಿ, ಲೋಟದ ಅಳತೆ ಬೇಡ. ನೀರು 0 ಡಿಗ್ರಿಗೆ ಬಂದ್ರೂ 1.8 ಕೆಜಿ ತಾಳುತ್ತೆ, ಹರಳು ಕಟ್ಟಲ್ಲ. ಕುದಿಯೋವಾಗ್ಲೇ ನಿಂಬೆರಸ ಹಿಂಡು, ಸ್ವಲ್ಪ ಸಕ್ಕರೆ ಒಡೆದು ಗ್ಲೂಕೋಸು ಫ್ರಕ್ಟೋಸು ಆಗಿ ಹರಳಿಗೆ ಅಡ್ಡ ಬರತ್ತೆ. ಸಿಹಿ ಕಮ್ಮಿ ಆಗಿರೋದ್ರಿಂದ ಫ್ರಿಜ್ಜಲ್ಲೇ ಇಡು, ಹೊರಗಿಟ್ರೆ ಬೂಸ್ಟು ಬರಬಹುದು.

ಹರಳು ಕಟ್ಟಿರೋ ಬಾಟ್ಲಿ ಬಿಸಾಡ್ಬೇಡ. ಕುದಿಯೋ ನೀರಲ್ಲಿ ಒಮ್ಮೆಗೇ ಇಟ್ರೆ ಗಾಜು ಸೀಳತ್ತೆ, ಮೊದಲು ಉಗುರುಬೆಚ್ಚಗಿನ ನೀರಲ್ಲಿಡು, ನಿಧಾನಕ್ಕೆ ಬಿಸಿ ಮಾಡು, ಕರಗಿದ ಮೇಲೆ ಪಾತ್ರೆಗೆ ಸುರಿದು ನೀರು ಸೇರಿಸಿ ಒಂದು ಕುದಿ ಬರಿಸು. ನೀರು ಸೇರಿಸದೇ ಹಾಗೇ ತುಂಬಿದ್ಯೋ, ಮತ್ತೆ ಅದೇ ಕಥೆ. ಒಂದು ಬಾಟ್ಲಿ ಮಾತ್ರ ಹಾಗೇ ಇಟ್ಟು ಭಾನುವಾರ ಬರ್ತಾ ತಗೊಂಡು ಬಾ, ದೊಡ್ಡಪ್ಪಂಗೆ ತೋರಿಸ್ಬೇಕು, ನಾನೊಬ್ಳೇ ಅಲ್ಲ ಅಂತ.

ನಿನ್ನ
ದೊಡ್ಡಮ್ಮ