ನೆಲದ ಮೇಲೆ ಗೆರೆ ಎಳೆದ ಲೈಬ್ರರಿ ಮೇಡಂಗೆ ಧನ್ಯವಾದ

ಎರಡನೇ ಮಹಾಯುದ್ಧದ ಇಂಗ್ಲೆಂಡಿನಲ್ಲಿ ಬೆಳೆಯುವ ಹುಡುಗನೊಬ್ಬನ ನಗೆ ಕಾದಂಬರಿಯನ್ನು ಲೈಬ್ರರಿಯಲ್ಲಿ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಅತಿ ತಮಾಷೆಯ ಅಧ್ಯಾಯಕ್ಕೇ ಯಾರೂ ನಗಲಿಲ್ಲ. ಸೈರನ್ ಕೂಗಿದಾಗ ಮನೆಮಂದಿಯೆಲ್ಲ ಬಾಂಬ್ ದಾಳಿಯಿಂದ ಬಚಾವಾಗಲು ಹಿತ್ತಿಲಿನಲ್ಲಿ ಮಾಡಿಕೊಂಡಿದ್ದ ಆಂಡರ್ಸನ್ ಶೆಲ್ಟರ್‌ಗೆ ನುಗ್ಗಿ ಒದ್ದಾಡುವ ಪ್ರಸಂಗ ಅದು. ಜಾಗದ ಇಕ್ಕಟ್ಟು ಕಣ್ಣಿಗೆ ಕಟ್ಟದಿದ್ದರೆ ನಗು ಹುಟ್ಟುವುದಾದರೂ ಎಲ್ಲಿಂದ?

ಪುಸ್ತಕ ಜೋಡಿಸುತ್ತಿದ್ದ ಮೇಡಂ ಒಬ್ಬರು ಕೆಲಸ ಬಿಟ್ಟು ಬಂದರು. ಟೇಪು ಹಿಡಿದು, ಸೀಮೆಸುಣ್ಣದಿಂದ ಆ ಶೆಲ್ಟರಿನ ಅಳತೆಗೇ, ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲಕ್ಕೆ ಗೆರೆ ಎಳೆದು ಆರು ಮಕ್ಕಳನ್ನು ಒಳಗೆ ಕೂರಿಸಿದರು. ಶೆಲ್ಟರನ್ನು ಅಷ್ಟು ಜನರಿಗೆಂದೇ ಮಾಡಿದ್ದಂತೆ! ಮೊಣಕಾಲಿಗೆ ಮೊಣಕಾಲು ತಾಗಿ ಕಿಸಿಕಿಸಿ ಶುರುವಾಯಿತು. ಅಲೆಅಲೆಯಾದ ಉಕ್ಕಿನ ತಗಡನ್ನು ಬಾಗಿಸಿ, ನಾಲ್ಕಡಿ ಗುಂಡಿಯಲ್ಲಿ ನಿಲ್ಲಿಸಿ, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಹೇರುತ್ತಿದ್ದರೆಂದು ವಿವರಿಸಿದರು. ನೆಲಮಟ್ಟಕ್ಕಿಂತ ಕೆಳಗಿದ್ದುದರಿಂದ ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಕಥೆಯ ಅಜ್ಜಿ ಬಕೆಟ್ ಹಿಡಿದೇ ಒಳಗಿಳಿಯುವುದು ಅದಕ್ಕೇ.

ಕಥೆಯಲ್ಲಿ ಬರುವ ಮಿಠಾಯಿಯ ಜಗಳವೂ ಅವರಿಂದಲೇ ಅರ್ಥವಾಯಿತು. 1942ರ ಜುಲೈನಲ್ಲಿ ಸಿಹಿತಿಂಡಿಗೂ ರೇಷನ್ ಬಂತು. ಬಹುಕಾಲ ಒಬ್ಬರಿಗೆ ನಾಲ್ಕು ವಾರಕ್ಕೆ 12 ಔನ್ಸ್, ಅಂದರೆ ಸುಮಾರು 340 ಗ್ರಾಂ. ಮೇಡಂ ಒಂದು ಚೀಟಿಯನ್ನು ಕೂಪನ್ನಿನಷ್ಟು ಸಣ್ಣದಾಗಿ ಕತ್ತರಿಸಿ, ಅತಿ ಚಿಕ್ಕ ಹುಡುಗಿಯ ಅಂಗೈಯಲ್ಲಿಟ್ಟು, "ಇದು ಕಳೆದರೆ ಮಿಠಾಯಿ ಇಲ್ಲಮ್ಮಾ" ಅಂದರು. ಅವಳು ಮುಷ್ಟಿ ಬಿಚ್ಚಲೇ ಇಲ್ಲ.

ಅದೇ ಅಧ್ಯಾಯವನ್ನು ಮತ್ತೆ ಮೊದಲಿಂದ ಓದಿದಾಗ ನಗು ತಡೆಯಲಾಗದೆ ಎರಡು ಸಲ ನಿಲ್ಲಿಸಬೇಕಾಯಿತು. ನನಗೂ ಹೋದ ಜೀವ ಬಂದಂತಾಯಿತು. ಮೇಡಂ, ಹೆಸರು ಕೇಳುವಷ್ಟರಲ್ಲಿ ನೀವು ಕೌಂಟರಿಗೆ ಹೋಗಿಬಿಟ್ಟಿರಿ. ತುಂಬಾ ಥ್ಯಾಂಕ್ಸ್.