ಆ ಪುಸ್ತಕ ವಾಪಸ್ ತಂದುಕೊಟ್ಟವರಿಗೆ

ಚಿಕ್ಕ ಮನೆಗೆ ಹೋಗುತ್ತಿದ್ದೇವೆ ಅಂತ 6 ಪೆಟ್ಟಿಗೆ ಪುಸ್ತಕ ಕೊಟ್ಟುಬಿಟ್ಟಿದ್ದೆವು. ಅದರಲ್ಲಿ ತಪ್ಪಿ ಸೇರಿದ್ದ ಒಂದನ್ನು, ಒಳಗಿದ್ದ ಕ್ರಿಸ್‌ಮಸ್ ಕಾರ್ಡಿನ ಕವರ್ ಮೇಲಿನ ವಿಳಾಸ ಹಿಡಿದು, ನೀವು ಬಾಗಿಲಿಗೇ ತಂದುಕೊಟ್ಟಿರಿ. ನಾವಿನ್ನೂ ಸಾಮಾನು ಕಟ್ಟುತ್ತಿದ್ದೆವು. ಹೆಸರು ಕೇಳುವಷ್ಟರಲ್ಲಿ ಹೊರಟೇ ಹೋದಿರಿ.

ಅದು ಡಿಸೆಂಬರ್ 24ರ ರಾತ್ರಿ ಅಪ್ಪ ನಮಗೆ ಓದಿ ಹೇಳುತ್ತಿದ್ದ ಕಥೆ ಪುಸ್ತಕ. ಬೆನ್ನು ಕಿತ್ತುಹೋಗಿದೆ, ಹಾಳೆ ಹಳದಿಯಾಗಿದೆ. ಯಾವ ವರ್ಷ ಯಾರು ಓದಿದರು ಅಂತ ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದೆ. ನಡುವೆ ಒಂದು ಪುಟಕ್ಕೆ ಮೇಣದ ಹನಿ ಅಂಟಿದೆ. ಅಂಗಡಿಯಲ್ಲಿ ಮತ್ತೆ ಸಿಗೋ ಪುಸ್ತಕವಾದರೆ ಕೊಡಬಹುದು. ಇದು ಎಲ್ಲಿ ಸಿಗುತ್ತೆ, ಅಲ್ವಾ?

ಕೊಡುವ ಮುಂಚೆ ಒಂದೊಂದನ್ನೂ ತೆರೆದು ನೋಡಬೇಕಿತ್ತು. ನಾನು ನೋಡಲಿಲ್ಲ, ನೀವು ನೋಡಿದಿರಿ. ತುಂಬಾ ಥ್ಯಾಂಕ್ಸ್. ಈ ವರ್ಷ ಓದುವ ಸರದಿ ನನ್ನ ಮಗಳದು.